ಅಣ್ಣನ ಮದುವೆಗೆ ತಂಗಿಯ ಹಾರೈಕೆ

ವಾಲ್‌ಫ್ರಿಯ ಕೋಟೆ,
ಸಂತ ಮಾರ್ಟಿನರ ಹಬ್ಬದ ಮರುದಿನ

ಪ್ರೀತಿಯ ವೇಲ ಅಣ್ಣನಿಗೆ,

ಹುಬ್ಬು ಗಂಟಿಕ್ಕಬೇಡ. ಎಂಟು ವರ್ಷ ಸಂಸಾರ ಮಾಡಿದ ಮೇಲೆ, ನನ್ನ ಮುತ್ತಜ್ಜನೂ ನಿನ್ನ ಅಜ್ಜನೂ ಒಡಹುಟ್ಟಿದವರೆಂದು ನಮ್ಮ ಮದುವೆಯನ್ನು ರದ್ದು ಮಾಡಿದವರು ರೋಮಿನ ಪೋಪ್. ಇನ್ನು ಮುಂದೆ ರಾಜನಾದ ನಿನ್ನನ್ನು ನಾನು ಗಂಡ ಎನ್ನಕೂಡದಂತೆ. ಅಣ್ಣ ಎನ್ನಬಾರದೆಂದು ಯಾರೂ ಹೇಳಿಲ್ಲ.

ತವರಿನಲ್ಲಿ ಚೆನ್ನಾಗಿದ್ದೇನೆ. ನಿನ್ನೆ ಹಬ್ಬಕ್ಕೆ ಹಂದಿ ಕಡಿದರು; ಅಂಗಳವೆಲ್ಲ ಬೆಳ್ಳುಳ್ಳಿಯ ಘಮ. ನಮ್ಮ ನೂನ್ಯೊ ಹಂದಿಯ ಮೂತ್ರಕೋಶ ಊದಿ ಚೆಂಡು ಮಾಡಿಕೊಂಡು ಕೆಸರಲ್ಲಿ ಉರುಳಾಡಿದ. ದಾದಿ, "ಏಳಪ್ಪಾ ನನ್ನ ರಾಜ, ನಾಳೆ ಸಿಂಹಾಸನದ ಮೇಲೆ ಕೂರೋನು ನೀನು!" ಎಂದಳು. "ಅಪ್ಪ ಹೊಸ ರಾಣೀನ ತರ್ತಾರಂತಲ್ಲ, ಅವಳ ಮಗ ಕೂತ್ಕೊಳ್ಳಲಿ. ನಂಗೆ ಚೆಂಡು ಸಾಕು" ಎಂದ ನಿನ್ನ ಮಗ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆಮೇಲೆ ಊಟ ಸೇರಲಿಲ್ಲ.

ಬೇರೆಯಾಗುವ ದಿನ ನೀನು ಮಾತು ಕೊಟ್ಟಿದ್ದೆ: ಸರದಾರರೆಲ್ಲ ನೂನ್ಯೊನ ಕೈಗೆ ಮುತ್ತಿಟ್ಟು, ಮುಂದಿನ ರಾಜ ಇವನೇ ಎಂದು ಪ್ರಮಾಣ ಮಾಡುವರೆಂದು. ಕೊಯ್ಲು ಮುಗಿಯಲಿ ಎಂದೆ ನೀನು. ದ್ರಾಕ್ಷಿ ತುಳಿದಾಗಲಿ ಎಂದೆ. ದ್ರಾಕ್ಷಾರಸ ಪೀಪಾಯಿ ಸೇರಿತು. ಈಗ ನಿನ್ನ ಹೊಸ ಮದುವಣಗಿತ್ತಿ ಅಲ್ದೋನ್ಸಳ ಅಪ್ಪ ತನ್ನ ಮೊಮ್ಮಗನಿಗೇ ಪಟ್ಟ ಎಂದು ಹಟ ಹಿಡಿದಿದ್ದಾರಂತೆ. ಮೊಮ್ಮಗ ಇನ್ನೂ ಹುಟ್ಟಿಲ್ಲ, ಹಟ ಹುಟ್ಟಿದೆ.

ನನಗೇನೂ ಹೊಟ್ಟೆಕಿಚ್ಚಿಲ್ಲ. ಅಲ್ದೋನ್ಸ ಚೆಲುವೆ, ಹಾಡುತ್ತಾಳೆ ಕೂಡ. ನಿನ್ನ ಗೊರಕೆಯ ವಿಷಯ ಅವಳಿಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ. ಎಡಮಗ್ಗುಲಿಗೆ ತಿರುಗಿಸಿದರೆ ನಿಲ್ಲುತ್ತದೆ ಎಂದು ನನ್ನ ಪರವಾಗಿ ತಿಳಿಸು. ಬರುವ ವಾರದ ಮದುವೆ ಸಾಂಗವಾಗಿ ನಡೆಯಲಿ.

ಪೋಪರ ಅಪ್ಪಣೆಯಂತೆ
ನಿನ್ನ ತಂಗಿ,
ಮೆನ್ಸಿಯ

ಹೇಳಲು ಮರೆತೆ. ನಿನ್ನೆ ಹಬ್ಬದೂಟಕ್ಕೆ ನಿಮ್ಮ ಊರಿನ ಬಿಷಪ್ ಬಂದಿದ್ದರು. ಅಲ್ದೋನ್ಸಳ ಅಜ್ಜಿ ನಿನ್ನ ಅಜ್ಜನ ಒಡಹುಟ್ಟಿದ ತಂಗಿ ಎಂದು ಮಾತಿನ ನಡುವೆ ಬಾಯಿತಪ್ಪಿ ಅಂದುಬಿಟ್ಟೆ. "ಅಯ್ಯೋ ದೇವರೇ, ಇದು ನಿಮ್ಮಿಬ್ಬರಿಗಿಂತ ಹತ್ತಿರದ ನೆಂಟಸ್ತಿಕೆ ಆಯ್ತಲ್ಲಾ ದೊರೆಸಾನಿ!" ಎಂದು ತಟ್ಟೆ ಬಿಟ್ಟು ಎದ್ದರು. ಈ ಪತ್ರಕ್ಕಿಂತ ಮೊದಲೇ ಅವರ ಹೇಸರಗತ್ತೆ ನಿನ್ನ ಬಾಗಿಲಲ್ಲಿರುತ್ತದೆ. ಮದುವೆಗೆಂದು ಸರದಾರರು ಹೇಗೂ ಸೇರಿದ್ದಾರೆ. ಸುಮ್ಮನೆ ಯಾಕೆ ಹಿಂದಿರುಗಬೇಕು ಪಾಪ? ನಾಳೆಯೇ ನೂನ್ಯೊನನ್ನು ಕರೆದುಕೊಂಡು ಹೊರಡುತ್ತಿದ್ದೇನೆ. ಹಂದಿಯ ವಾಸನೆ ಹೋಗುವಷ್ಟು ಅವನ ಕೈ ತೊಳೆಸಿಯೇ ತರುತ್ತೇನೆ.