ಬರೆಯದ ಹತ್ತೊಂಬತ್ತು ಕಾಗದ

ಮಾರ್ಚ್ 1, ಶನಿವಾರ, ಮಧ್ಯಾಹ್ನ 1.15

ಅಂಗಡಿಯಲ್ಲಿ ಊಟದ ಬಿಡುವು. ಬೆಳಿಗ್ಗೆಯಿಂದ ಹನ್ನೊಂದು ಕನ್ನಡಕ ಕೊಟ್ಟೆ, ಎರಡು ಬೈಗುಳ ತಿಂದೆ. ನಮ್ಮ ವೆಲ್ಷ್ ಸಂತ ಡೇವಿಡ್‌ನ ದಿನ ಅಂತ ಕೋಟಿಗೆ ಡ್ಯಾಫೊಡಿಲ್ ಹೂ ಸಿಕ್ಕಿಸಿಕೊಂಡಿದ್ದೆ, ಅದೂ ಬಾಡಿತು. ಒಂದು ಕೈಯಲ್ಲಿ ಸ್ಯಾಂಡ್‌ವಿಚ್, ಇನ್ನೊಂದರಲ್ಲಿ ಫೋನು. ಫೋನಿನಲ್ಲಿ ದೇಶ.

‘ಸುಳ್ಳು ದೇಶದ ನಿಜ ಮಂತ್ರಿ’ ಅನ್ನುತ್ತಾಳೆ ಅಕ್ಕ ಮೇರ್. ಅನ್ನಲಿ. ನಾವೇ ಕಟ್ಟಿಕೊಂಡ ದೇಶ ಮರಳುದಿಬ್ಬದಲ್ಲಿ ಇನ್ನೂರ ನಲವತ್ತು ಜನ ಇದ್ದೇವೆ. ಅಂಗೈಯಗಲ ನೆಲವಿಲ್ಲ, ಎಲ್ಲ ಆನ್‌ಲೈನ್. ಸಂಬಳವೂ ಇಲ್ಲ. ಆದರೆ ಸಂಪುಟ ಇದೆ, ಚುನಾವಣೆ ಇದೆ, ಜಗಳ ಬೇಕಾದಷ್ಟಿದೆ. ಗೃಹ ಇಲಾಖೆ ನನ್ನದು, ನಾಲ್ಕು ವರ್ಷದಿಂದ. ಹೊಸಬರನ್ನು ಸ್ವಾಗತಿಸುವುದು, ಪೌರರ ಪಟ್ಟಿ, ಹಬ್ಬ, ಮತದಾನ, ಜಗಳ ಬಿಡಿಸುವುದು... ಎಲ್ಲ ನನ್ನ ಮತ್ತು ರೆನ್ಸ್ಕಾಳ ತಲೆಗೆ.

ರೆನ್ಸ್ಕಾ ನನ್ನ ಉಪಮಂತ್ರಿ. ಹಾಲೆಂಡಿನಲ್ಲಿ ನರ್ಸು. ಇವತ್ತು ಪ್ರಸ್ತಾವ ಹಾಕಿದ್ದಾಳೆ, ಇಲಾಖೆಯನ್ನು ಎರಡು ಮಾಡಿ ಅಂತ. ಸ್ವಾಗತಕ್ಕೆ ಒಂದು, ದಾಖಲೆಗೆ ಒಂದು. ‘ಹೊಸಬರಿಗೆ ಬರೆಯುವ ಸ್ವಾಗತದ ಕಾಗದಗಳು ಹಿಂದೆ ಬೀಳುತ್ತಿವೆ, ಗ್ಲೆನಿಸ್ ಒಬ್ಬರೇ ಎಷ್ಟಂತ ಎಳೆಯುತ್ತಾರೆ’ ಎಂದು ಬರೆದಿದ್ದಾಳೆ.

ಎಳೆಯುತ್ತಾರಂತೆ. ನಾನೇನು ಮುದಿ ಎತ್ತೇ? ಮೈಯೆಲ್ಲ ಉರಿಯಿತು.

ಸಂಜೆ 5.40

ಬಸ್ಸಿನಲ್ಲಿ. ಪಟ್ಟಿ ತೆಗೆದು ನೋಡಿದೆ. ‘ಬರೆದಾಯಿತು’ ಅನ್ನುವ ಅಂಕಣದಲ್ಲಿ ಹತ್ತೊಂಬತ್ತು ಹೆಸರಿನ ಮುಂದೆ ಖಾಲಿ. ವಾರಕ್ಕೊಬ್ಬರಂತೆ ಬರೆಯುತ್ತೇವೆ; ಕೆಲವು ನನ್ನ ವಾರದ್ದು, ಕೆಲವು ರೆನ್ಸ್ಕಾಳ ವಾರದ್ದು. ನಾಳೆ ಮೂರು ಗಂಟೆಗೆ ಸಂಪುಟದ ಕರೆ. ಎಲ್ಲರೂ ಇದೇ ಪಟ್ಟಿ ನೋಡುತ್ತಾರೆ.

ಒಬ್ಬೊಬ್ಬರಿಗೂ ಕಾಗದ ಅಂದರೆ ಸುಮ್ಮನೆ ಆಗುವುದಿಲ್ಲ. ನಮ್ಮ ಅರ್ಜಿಯಲ್ಲಿ ಒಂದೇ ಪ್ರಶ್ನೆ ಮುಖ್ಯ: ನಿಮ್ಮ ಕಿಟಕಿಯಿಂದ ಏನು ಕಾಣುತ್ತದೆ? ಅವರು ಬರೆದ ಕಿಟಕಿಗೆ ನಾವು ಉತ್ತರ ಬರೆಯಬೇಕು. ಒಬ್ಬರಿಗೆ ಬರೆದದ್ದು ಇನ್ನೊಬ್ಬರಿಗೆ ಹೊಂದಬಾರದು. ಈ ನಿಯಮ ಬಿಗಿ ಮಾಡಿದವಳೂ ನಾನೇ, ಮಹಾತಾಯಿ.

ಹತ್ತೊಂಬತ್ತಕ್ಕೂ ಟಿಕ್ ಹಾಕಿದೆ. ಸೋಮವಾರ ಕೂತು ಬರೆದುಬಿಡುತ್ತೇನೆ. ಎರಡು ದಿನ ಮುಂಚೆ ಟಿಕ್ ಬಿದ್ದರೆ ಆಕಾಶ ಕಳಚಿ ಬೀಳುತ್ತದೆಯೇ?

ಮಾರ್ಚ್ 2, ಭಾನುವಾರ

ಗೆದ್ದೆ. ‘ಪಟ್ಟಿ ನೋಡಿ. ಒಂದೂ ಬಾಕಿ ಇಲ್ಲ. ಇಲಾಖೆ ಯಾಕೆ ಒಡೀಬೇಕು?’ ಅಂದೆ. ಡೆಸ್ಮಂಡ್ ನಮ್ಮ ಪ್ರಧಾನಿ, ಟ್ರಿನಿಡಾಡ್‌ನಲ್ಲಿ ಮೇಷ್ಟ್ರು. ಅವನ ಹಿಂದೆ ಯಾವಾಗಲೂ ಕೋಳಿ ಕೂಗುತ್ತಿರುತ್ತದೆ. ‘ಮಂತ್ರಿಗಳು ಮನುಷ್ಯರಲ್ಲ ಕಣ್ರಪ್ಪಾ, ಮೆಷಿನ್ನು!’ ಅಂತ ನಕ್ಕ. ತೀರ್ಮಾನ ತಿಂಗಳ ಕೊನೆಯ ಮಹಾಸಭೆಗೆ ಹೋಯಿತು.

ರೆನ್ಸ್ಕಾ ಮಾತ್ರ, ‘ಅರೆ, ಎಲ್ಲ ಆಗಿದೆಯಲ್ಲ! ನನಗೆ ಗೊತ್ತೇ ಆಗ್ಲಿಲ್ಲ. ರಾತ್ರಿ ಪಾಳಿ ಮಾಡಿ ಮಾಡಿ ತಲೆ ಕೆಟ್ಟುಹೋಗಿದೆ ನಂಗೆ’ ಅಂದಳು.

ನಾನು ಕ್ಯಾಮೆರಾ ಆರಿಸಿದೆ.

ಮಾರ್ಚ್ 5

ಮೂರು ಬರೆದೆ. ಅಷ್ಟರಲ್ಲಿ ವಸಂತ ಹಬ್ಬದ ಜಗಳ. ನಾಳೆ.

ಮಾರ್ಚ್ 9, ಭಾನುವಾರ

ಮೇರ್ ಬಂದಿದ್ದಳು, ವೆಲ್ಷ್ ಕೇಕ್ ಮಾಡಿಕೊಂಡು. ನಾನು ಫೋನು ನೋಡುತ್ತಲೇ ತಿಂದೆ.

‘ಲೇ ಗ್ಲೆನಿಸ್, ಎದುರಿಗೆ ಅಕ್ಕ ಕೂತಿದೀನಿ ಕಣೇ. ಯಾರದ್ದೋ ಕಿಟಕಿ ಇಣುಕ್ತಾ ಕೂತಿದೀಯಲ್ಲ.’

‘ಇಣುಕ್ತಾ ಇಲ್ಲ ಅಕ್ಕ. ಅದೇ ಬಂದಿರೋ ತೊಂದರೆ.’

‘ಅಂದ್ರೆ?’

‘ಏನಿಲ್ಲ. ಕೇಕ್ ಚೆನ್ನಾಗಿದೆ.’

ಹೊಸ ಅರ್ಜಿಗಳು ಬರುತ್ತಲೇ ಇವೆ. ಅವುಗಳಿಗೆ ಬರೆಯುತ್ತಿದ್ದೇನೆ, ಏಕೆಂದರೆ ಅವು ಖಾಲಿ ಕಾಣುತ್ತವೆ. ಹಳೆಯವು ಕಾಣುವುದಿಲ್ಲ. ಟಿಕ್ ಬಿದ್ದಿದೆಯಲ್ಲ.

ಮಾರ್ಚ್ 17, ಸೋಮವಾರ, ಬೆಳಿಗ್ಗೆ 8.20

ಬಸ್ಸಿನಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿದೆ.

ಮರಳುದಿಬ್ಬದ ಚೌಕದಲ್ಲಿ, ಅಂದರೆ ಎಲ್ಲರೂ ಓದುವ ಪುಟದಲ್ಲಿ, ಒಬ್ಬ ಹೊಸಬ ಬರೆದಿದ್ದಾನೆ. ಅಥವಾ ಹೊಸಬಳು, ಗೊತ್ತಿಲ್ಲ. ಹೆಸರು ‘ಗುಂಡುಸೂಜಿ’. ಇದ್ದಂತೆ ಇಳಿಸಿಕೊಳ್ಳುತ್ತೇನೆ:

‘ನಮಸ್ಕಾರ. ನನಗೆ ಕಾಗದ ಬರೆದಾಯಿತು ಎಂದು ಪಟ್ಟಿಯಲ್ಲಿದೆ, ಬಂದಿಲ್ಲ. ಎಲ್ಲ ಕಡೆ ಹುಡುಕಿದೆ. ನನ್ನ ಕಿಟಕಿ ಅಷ್ಟು ಚೆನ್ನಾಗಿಲ್ಲ, ಅದಕ್ಕೇ ಇರಬಹುದು. ಹಾಗಿದ್ದರೆ ಬೇರೆ ಕಿಟಕಿಯದು ಬರೆದು ಕಳಿಸಲೇ?’

ಬೇರೆ ಕಿಟಕಿಯದು ಬರೆದು ಕಳಿಸಲೇ ಅಂತೆ! ಥೂ ನನ್ನ ಜನ್ಮಕ್ಕೆ.

ಅರ್ಜಿ ತೆಗೆದು ಓದಿದೆ. ಮೊದಲ ಸಲ. ‘ಎದುರು ಮನೆಯ ಗೋಡೆ. ಒಂದು ನೀರಿನ ಕೊಳವೆ. ಕೊಳವೆಯ ಸಂದಿಯಲ್ಲಿ ಪಾರಿವಾಳ ಎರಡು ಮೊಟ್ಟೆ ಇಟ್ಟಿದೆ. ಮರಿಯಾದರೆ ಹೇಳುತ್ತೇನೆ.’ ತಾರೀಖು ಫೆಬ್ರವರಿ 26. ರೆನ್ಸ್ಕಾಳ ವಾರ.

ಮಧ್ಯಾಹ್ನ 1.05

ಡೆಸ್ಮಂಡ್ ಕೇಳಿದ್ದಾನೆ: ‘ಇದು ಯಾರ ವಾರ?’

ಟಿಕ್ ಹಾಕಿದ್ದು ಯಾರು ಎಂದು ಪಟ್ಟಿ ತೋರಿಸುವುದಿಲ್ಲ. ನಾನು ಏನೋ ಟೈಪ್ ಮಾಡಿದೆ, ಅಳಿಸಿದೆ. ಒಬ್ಬ ಅಜ್ಜ ಕನ್ನಡಕದ ಕಾಲು ಮುರಿದುಕೊಂಡು ಬಂದ. ಸ್ಕ್ರೂ ಹಾಕಿ ಕಳಿಸಿ ಬರುವಷ್ಟರಲ್ಲಿ ರೆನ್ಸ್ಕಾಳ ಉತ್ತರ ಬಂದಿತ್ತು.

‘ನನ್ನದೇ ವಾರ. ಟಿಕ್ ಇದೆ ಅಂದ್ರೆ ನಾನೇ ಹಾಕಿರ್ಬೇಕು. ಬರೆದು, ಕಳಿಸೋ ಮೊದಲೇ ನಿದ್ದೆ ಹೋದ್ನೋ ಏನೋ, ನೆನಪಿಲ್ಲ. ಗುಂಡುಸೂಜಿಯವರೇ, ತಪ್ಪು ನಿಮ್ಮ ಕಿಟಕೀದಲ್ಲ, ನಂದು. ದಯವಿಟ್ಟು ಕ್ಷಮಿಸಿ.’

ಅದರ ಕೆಳಗೆ ನಾನು ಬರೆದದ್ದು: ‘ಇರ್ಲಿ ಬಿಡು ಮಾರಾಯ್ತಿ, ಎಲ್ಲರಿಗೂ ಆಗುತ್ತೆ.’

ಹನ್ನೆರಡು ಜನ ಅದಕ್ಕೆ ಹೃದಯದ ಚಿಹ್ನೆ ಒತ್ತಿದ್ದಾರೆ. ಎಂಥ ದೊಡ್ಡ ಮನಸ್ಸು ಮಂತ್ರಿಗಳದ್ದು.

ಮಾರ್ಚ್ 18

ಕ್ಷಮಿಸಿದೆನಲ್ಲ! ನಾನು! ಅವಳನ್ನು!

ಮಾರ್ಚ್ 23, ಭಾನುವಾರ, ಸಂಜೆ

ಸಂಪುಟದ ಕರೆಯಲ್ಲಿ ರೆನ್ಸ್ಕಾ ರಾಜೀನಾಮೆ ಓದಿದಳು. ಪ್ರಸ್ತಾವವನ್ನೂ ವಾಪಸ್ ತೆಗೆದುಕೊಂಡಳು. ‘ನನ್ನ ವಾರದ ಕೆಲಸಾನೇ ನೆಟ್ಟಗೆ ಮಾಡದೆ, ಇಲಾಖೆ ಒಡೀರಿ ಅಂತ ಗ್ಲೆನಿಸ್ ಮುಂದೆ ಹೇಗೆ ಹೇಳ್ಲಿ? ಆಸ್ಪತ್ರೇಲೂ ಹೀಗೇ ಮರೀತಾ ಇದೀನೇನೋ ಅಂತ ಭಯ ಶುರುವಾಗಿದೆ. ಈಗ ಒಂದೊಂದು ಮಾತ್ರೇನೂ ಮೂರು ಸಲ ಎಣಿಸ್ತೀನಿ.’

ಡೆಸ್ಮಂಡ್, ‘ಮಂತ್ರಿಗಳೇ, ನೀವಾದ್ರೂ ಒಂದು ಮಾತು ಹೇಳ್ರೀ ಅವಳಿಗೆ’ ಅಂದ.

ಕೋಳಿ ಕೂಗಿತು. ‘ಯೋಚನೆ ಮಾಡು ರೆನ್ಸ್ಕಾ, ದುಡುಕಬೇಡ’ ಅಂದೆ. ಅಷ್ಟೇ ಅಂದೆ.

ಮಾತ್ರೆ ಎಣಿಸುತ್ತಿದ್ದಾಳೆ. ನನ್ನ ಒಂದು ಟಿಕ್‌ಗೆ ಆ ಹುಡುಗಿ ತನ್ನ ಕೈಯನ್ನೇ ನಂಬದಂತಾಗಿದ್ದಾಳೆ. ಸುಳ್ಳು ದೇಶ ಅಂತೆ. ಮಾತ್ರೆ ಸುಳ್ಳೇ?

ಮಾರ್ಚ್ 25

ಮೇರ್‌ಗೆ ಫೋನಿನಲ್ಲಿ ಎಲ್ಲ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ.

‘ಹ್ಯೂ ತೀರಿಕೊಂಡಾಗ ಎರಡು ತಿಂಗಳು ನನ್ನ ಫೋನೂ ಎತ್ತಿರ್ಲಿಲ್ಲ ನೀನು. ಆಮೇಲೆ ಒಂದಿನ ನೀನೇ ಮಾಡಿ, ಯಾರೋ ನನ್ನ ಕಿಟಕಿ ಬಗ್ಗೆ ಕೇಳಿದಾರೆ ಅಕ್ಕ ಅಂದೆ. ಜ್ಞಾಪಕ ಇದೆಯಾ?’

ಇದೆ. ಹಿತ್ತಿಲ ಬಟ್ಟೆ ಹಗ್ಗ ಕಾಣುತ್ತದೆ ಎಂದು ಬರೆದಿದ್ದೆ, ಆರು ವರ್ಷದ ಹಿಂದೆ. ಡೆಸ್ಮಂಡ್ ಉತ್ತರಿಸಿದ್ದ: ‘ಹಗ್ಗದ ಮೇಲೆ ಇವತ್ತು ಏನಿದೆ?’ ಹ್ಯೂನ ನೀಲಿ ಅಂಗಿ ಇತ್ತು. ಸತ್ತ ಗಂಡನ ಅಂಗಿಯನ್ನು ವಾರ ವಾರ ಒಗೆದು ಹಾಕುತ್ತಿದ್ದೆ. ಯಾರಿಗೂ ಹೇಳದ್ದನ್ನು ಗುರುತಿಲ್ಲದ ಒಬ್ಬನಿಗೆ ಹೇಳಿದೆ.

‘ಹೇಳ್ಬಿಡೇ, ಇನ್ನೂ ತಡ ಮಾಡಿದ್ರೆ ನಾಲಿಗೆ ಏಳಲ್ಲ’ ಅಂದಳು ಅಕ್ಕ.

ಮಾರ್ಚ್ 30, ಭಾನುವಾರ

ಮಹಾಸಭೆ. ಅರವತ್ತು ಜನ ಕೇಳುತ್ತಿದ್ದರು. ಬರೆದಿಟ್ಟುಕೊಂಡದ್ದನ್ನು ಓದಲು ಹೋದೆ, ಆಗಲಿಲ್ಲ. ‘ಆ ಟಿಕ್ ನಾನು ಹಾಕಿದ್ದು. ಹತ್ತೊಂಬತ್ತೂ ನಾನೇ. ಬರೀದೆ ಹಾಕಿದ್ದು. ಇಲಾಖೆ ಕೈ ತಪ್ಪಬಾರದು ಅಂತ. ರೆನ್ಸ್ಕಾ ಏನೂ ಮರೆತಿಲ್ಲ. ಅವಳ ತಲೆ ನೆಟ್ಟಗಿದೆ’ ಅಂದೆ.

ಬೈಯುತ್ತಾರೆ ಅಂತ ಕಾದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕೊನೆಗೆ ಡೆಸ್ಮಂಡ್, ಮಂತ್ರಿಗಳೇ ಅನ್ನದೆ, ‘ಆ ನೀಲಿ ಅಂಗಿ ನಂಗಿನ್ನೂ ನೆನಪಿದೆ, ಗ್ಲೆನಿಸ್’ ಅಂದ. ಮುಖ ಮುಚ್ಚಿಕೊಂಡೆ. ಕ್ಯಾಮೆರಾ ಆನ್ ಇತ್ತು.

ರೆನ್ಸ್ಕಾ ಕರೆ ಬಿಟ್ಟು ಹೋದಳು.

ಡೆಸ್ಮಂಡನೇ ಪ್ರಸ್ತಾವ ಮತ್ತೆ ಮಂಡಿಸಿದ. ಇಲಾಖೆ ಎರಡಾಯಿತು. ಐವತ್ತೇಳು ಮತ ಪರ, ವಿರುದ್ಧ ಯಾರೂ ಇಲ್ಲ. ನಾನೂ ಕೈ ಎತ್ತಿದೆ. ನನಗೆ ಎರಡರಲ್ಲಿ ಒಂದೂ ಇಲ್ಲ, ಸರಿಯಾಗಿಯೇ ಇದೆ.

ಏಪ್ರಿಲ್ 6

ರೆನ್ಸ್ಕಾಳಿಂದ ಎರಡು ಸಾಲು. ‘ಸ್ವಾಗತ ಇಲಾಖೆ ನಾನು ನೋಡ್ಕೋತೀನಿ. ಉಳಿದ ಹದಿನಾರು ಕಾಗದ ನೀವೇ ಬರೀರಿ, ಕಳಿಸೋ ಮೊದಲು ನಂಗೆ ತೋರಿಸಿ.’ ‘ಪ್ರೀತಿಯಿಂದ’ ಅಂತ ಇರಲಿಲ್ಲ. ಮೊದಲು ಯಾವಾಗಲೂ ಇರುತ್ತಿತ್ತು.

ಏಪ್ರಿಲ್ 13

ಹದಿನೈದು ಕಳಿಸಿದೆ. ಇಬ್ಬರು ಉತ್ತರಿಸಿದರು. ಉಳಿದವರು ಯಾವಾಗಲೋ ಹೊರಟುಹೋಗಿದ್ದಾರೆ. ಗುಂಡುಸೂಜಿಯದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಹೇಡಿ. ಇವತ್ತು ಅದನ್ನೂ ಬರೆದೆ. ನಡೆದದ್ದು ಹೇಳಿ, ಕ್ಷಮೆ ಕೇಳಿ, ಕೊನೆಗೆ: ‘ಮೊಟ್ಟೆ ಏನಾಯಿತು?’

ಏಪ್ರಿಲ್ 22, ಮಂಗಳವಾರ, ಮಧ್ಯಾಹ್ನ 1.10

ಬಂತು.

‘ಎರಡೂ ಮರಿಯಾದವು. ಒಂದು ಕೊಳವೆಯಿಂದ ಬಿದ್ದು ಸತ್ತಿತು, ನಾನು ಚೌಕದಲ್ಲಿ ಬರೆದ ದಿನ. ಅವತ್ತು ಯಾರಿಗಾದರೂ ಹೇಳಬೇಕು ಅನ್ನಿಸಿತ್ತು. ಈಗ ಪರವಾಗಿಲ್ಲ. ಇನ್ನೊಂದು ಹಾರಿಹೋಯಿತು. ನೀವು ಕೇಳಿದ್ದಕ್ಕೆ ಥ್ಯಾಂಕ್ಸ್. ನಾನು ಇನ್ನು ಅಲ್ಲಿಗೆ ಬರುವುದಿಲ್ಲ.’

ರೆನ್ಸ್ಕಾಳಿಗೆ ತೋರಿಸಿದೆ. ಆಮೇಲೆ ಒಂದು ಹೊಸ ಅರ್ಜಿ ಕಳಿಸಿದಳು. ಯಾರೋ, ಎಲ್ಲಿಯವರೋ. ‘ನನ್ನ ಕೋಣೆಗೆ ಕಿಟಕಿ ಇಲ್ಲ’ ಎಂದಷ್ಟೇ ಬರೆದಿದ್ದಾರೆ. ಕೆಳಗೆ ಅವಳ ಮಾತು: ‘ಇದು ನಿಮಗೆ. ಇವತ್ತೇ.’

ಸ್ಯಾಂಡ್‌ವಿಚ್ ಹಾಗೇ ಇದೆ. ಇನ್ನು ಇಪ್ಪತ್ತು ನಿಮಿಷ ಬಿಡುವು. ಟಿಕ್ ಆಮೇಲೆ. ಮೊದಲು ಕೇಳಬೇಕು, ಕಿಟಕಿ ಇಲ್ಲದ ಆ ಗೋಡೆಯ ಮೇಲೆ ಇವತ್ತು ಏನಿದೆ ಅಂತ.