ಸಿಪಾಯಿ ಮನೆತನ

ಅವ್ವಾ,

ನೀನು ತೀರಿಹೋದ ಮೇಲೆ ಮೊದಲ ಸಲ, ನಿದ್ದೆಗೆಟ್ಟ ಕಣ್ಣಲ್ಲೇ ಕೂಸನ್ನು ಎತ್ತಿಕೊಂಡು ಇವತ್ತು ಖಾನಾಪುರಕ್ಕೆ, ಕಾಕಾನ ಮನೆಗೆ ಹೋಗಿದ್ದೆ. ಹೊಸ ಮನೆಯ ಗೋಡೆಗೆ ವಂಶಾವಳಿ ಬರೆಸಬೇಕೆಂದು ಕಾಕಾ ಹಳೆಯ ದಾಖಲೆ ಹುಡುಕುವ ಕೆಲಸ ನನಗೆ ಹಚ್ಚಿದ್ದ.

ಹುಡುಕಿದೆ. ಅವನು ಹೆಸರು ಹೇಳಿ ಮೀಸೆ ತಿರುವುವ ಸಿಪಾಯಿ ಭರಮಣ್ಣ 1871ರಲ್ಲಿ ಜ್ವರದಿಂದ ಸತ್ತ. ವಿಧವೆ ರೇಣವ್ವ ಲಕ್ಷ್ಮಣನೆಂಬ ರೈತನೊಂದಿಗೆ ಉಡಕಿಯಾದಳು. ಮರುಮದುವೆಯೆಂದು ಪಲ್ಟನ್ನಿನವರು ಪಿಂಚಣಿ ನಿಲ್ಲಿಸಿದರು. 1881ರ ಖಾನೇಸುಮಾರಿಯಲ್ಲಿ, ಅಂದರೆ ಜನಗಣತಿಯಲ್ಲಿ, ಅವರಿಬ್ಬರ ಆರು ವರ್ಷದ ಮಗನಿದ್ದಾನೆ. ಅವನೇ ಅಪ್ಪನ ಮುತ್ತಜ್ಜ.

ನಾನು ಒಯ್ದ ಕುಂದಾ ಬಾಯಲ್ಲಿಟ್ಟುಕೊಂಡೇ ಕಾಕಾ ಅಂದ, “ಉಡಕಿ ಸುದ್ದಿ ಬಿಡವಾ. ಭರಮಣ್ಣನ ಮಗಾ ಅಂತನ ಬರಸೂಣು. ಸತ್ತಾವ ಎದ್ದು ಬಂದು ಕೇಳ್ತಾನೇನ?”

ಅವನ ಹೆಂಡತಿ, ಕಾಕು, ನಕ್ಕಳು.

ಅಪ್ಪ ಸತ್ತ ಕೆಲವು ವರ್ಷಕ್ಕೆ ಖಾಸಬಾಗದ ತಮ್ಮಣ್ಣನವರು ನಿನ್ನನ್ನು ಮದುವೆಗೆ ಕೇಳಲು ಬಂದಿದ್ದರಲ್ಲ. “ಸಿಪಾಯಿ ಮನಿತನದಾಗ ಉಡಕಿ ನಡಿಯೂದಿಲ್ರಿ” ಎಂದು ಇದೇ ಬಾಯಿ ಅವರನ್ನು ಎಬ್ಬಿಸಿ ಕಳಿಸಿತ್ತು. ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದ ನೀನು ಆಗ ನನ್ನ ಮುಖ ನೋಡಿದ್ದೆ.

ನಾನು ಕಾಲೇಜಿಗೆ ಹೋಗುತ್ತಿದ್ದೆ, ಅವ್ವಾ. ಮಾತಾಡಲು ಬರುತ್ತಿತ್ತು.