ಖಾಲಿ ಬಿಟ್ಟ ಒಂದು ಜಾಗ

ಬಾಯಿ ಜೋರು, ಮನಸ್ಸು ಮೆತ್ತಗೆ ಇರುವ ನನ್ನ ಅತ್ತಿಗೆಗೆ,

ನೀವು ಗುಂಡನನ್ನು ಕಂಕುಳಲ್ಲಿ ಎತ್ತಿಕೊಂಡು ತವರಿಗೆ ಹೋಗಿ ವಾರವಾಯಿತು. ಮನೆ ಬಿಕೋ ಅನ್ನುತ್ತಿದೆ. ಎದುರಿಗಿದ್ದರೆ ಒಬ್ಬರ ಕಾಲನ್ನೊಬ್ಬರು ಎಳೆಯುವುದೇ ಆಗುತ್ತದೆ, ಅದಕ್ಕೇ ಈ ಕಾಗದ.

ಗಂಡನ ಮನೆ ಬಿಟ್ಟು ಬಂದಾಗ ನಾನು ಬಟ್ಟೆಯ ಚೀಲವನ್ನು ಮಂಚದ ಕೆಳಗೆ ತಳ್ಳಿದೆನೇ ಹೊರತು ಬಿಚ್ಚಿ ಜೋಡಿಸಲಿಲ್ಲ. ಅಣ್ಣನ ಮನೆಯಲ್ಲಿ ಎಷ್ಟು ದಿನ ಅಂತ ಇರುವುದು? ಯಾರಾದರೂ ಮುಖ ಸಿಂಡರಿಸುವ ಮೊದಲೇ ಹೊರಟುಬಿಡಬೇಕು ಅನ್ನುವ ಹಟ. ರೆಕಾರ್ಡಿಂಗ್ ಕೇಳಿ ಟೈಪ್ ಮಾಡಿಕೊಡುವ ಕೆಲಸ ಸಿಕ್ಕಾಗ ಲ್ಯಾಪ್‌ಟಾಪೇ ಬೇಕು ಅಂದೆ. ಮಡಚಿ ಚೀಲಕ್ಕೆ ತುರುಕಿಕೊಂಡರೆ ಆಯಿತಲ್ಲ!

ನೀವು ಒಪ್ಪಬೇಕಲ್ಲ! ಅಷ್ಟು ದುಡ್ಡಿಗೆ ಬರುವ ಲ್ಯಾಪ್‌ಟಾಪಿನ ಪರದೆ ಚಿಕ್ಕದು, ಕಣ್ಣು ಹಾಳು ಎಂದು ದೊಡ್ಡ ಪರದೆಯನ್ನೂ ಅದಕ್ಕೆ ಜೋಡಿಸುವ ಅಂಗೈಯಗಲದ ಡೆಸ್ಕ್‌ಟಾಪ್ ಡಬ್ಬಿಯನ್ನೂ ಆರಿಸಿದಿರಿ. ಫ್ಯಾನ್ ಇರುವುದಾದರೆ ವೇಗ ಜಾಸ್ತಿ ಎಂದು ಅಂಗಡಿಯವನು ಬಡಕೊಂಡ. "ನಿಧಾನ ಆದ್ರೂ ಪರ್ವಾಗಿಲ್ಲ ಕಣಪ್ಪಾ, ಸದ್ದು ಬೇಡ. ಮಗು ಮಲ್ಗೋ ರೂಮಲ್ಲೇ ಇವ್ಳ ಮೇಜು" ಅಂದಿರಿ. ಅದೇ ಬೆಲೆಗೆ ಮೆಮೊರಿ ದುಪ್ಪಟ್ಟಿದ್ದ ಇನ್ನೊಂದನ್ನೂ ತಳ್ಳಿಹಾಕಿದಿರಿ. ಅದಕ್ಕೆ ಮುಂದೆ ಇನ್ನಷ್ಟು ಮೆಮೊರಿ ಸೇರಿಸುವಂತಿರಲಿಲ್ಲ. "ಇದ್ರಲ್ಲಿ ಒಂದು ಜಾಗ ಖಾಲಿ ಇದೆಯಲ್ಲ, ಇದೇ ಇರ್ಲಿ. ಮುಂದಿನ ವರ್ಷ ಹಾಕ್ಸಿದ್ರಾಯ್ತು."

ಮುಂದಿನ ವರ್ಷ! ನಾನು ಮುಂದಿನ ತಿಂಗಳನ್ನೂ ಯೋಚಿಸಿರಲಿಲ್ಲ ಅತ್ತಿಗೆ. ಕೇಳಿಸದವಳಂತೆ ಕೇಬಲ್ಲುಗಳನ್ನು ನೋಡುತ್ತಾ ನಿಂತೆ.

ಆಮೇಲೆ ನಿಮ್ಮನ್ನು ಬೈದುಕೊಂಡಿದ್ದೂ ಉಂಟು, ಸುಳ್ಳು ಯಾಕೆ ಹೇಳಲಿ? ಅದು ಶುರುವಾಗುವಷ್ಟರಲ್ಲಿ ತಲೆ ಬಾಚಿ ಜಡೆ ಹಾಕಿಕೊಳ್ಳಬಹುದು. ಎರಡು ಫೈಲ್ ಒಟ್ಟಿಗೆ ತೆರೆದರೆ ಮುಷ್ಕರ. ನೀವೋ ಬಾಗಿಲಲ್ಲಿ ನಿಂತು, "ಏನೇ, ಹೊರಡ್ತಾ ನಿನ್ನ ಎತ್ತಿನ ಗಾಡಿ?" ಅಂತ ನಗುತ್ತಿದ್ದಿರಿ. ಆದರೆ ಅದರಿಂದ ಗುಂಡ ಒಂದು ದಿನವೂ ಎಚ್ಚರವಾಗಲಿಲ್ಲ. ಎಬ್ಬಿಸಿದ್ದೆಲ್ಲ ನನ್ನ ಸೀನು.

ನೀವು ಹೇಳಿದ ಆ ಮುಂದಿನ ವರ್ಷ ಬಂದೇಬಿಟ್ಟಿತು. ಇವತ್ತು ಡಬ್ಬಿಯನ್ನು ಅಂಗಡಿಗೆ ಒಯ್ದು ಮೆಮೊರಿ ಹಾಕಿಸಿದೆ. ಅವನು ಮುಚ್ಚಳ ತೆಗೆದು, "ಇಲ್ಲೇ ನೋಡಿ ಖಾಲಿ ಜಾಗ" ಅಂದ. ಬೆರಳುದ್ದ ಇತ್ತು ಅಷ್ಟೆ, ನನಗೆ ಅಳು ತಡೆಯಲಾಗಲಿಲ್ಲ. ಪಾಪ, ಅವನು ಗಾಬರಿಯಾಗಿ, "ರೇಟ್ ಜಾಸ್ತಿ ಆಯ್ತಾ ಮೇಡಂ?" ಅಂದ. ನಾನು ಇಲ್ಲಿರುತ್ತೇನೆ ಎಂದು ನನಗಿಂತ ಮೊದಲು ನಂಬಿದವರು ನೀವು. ಈ ಋಣ ನನಗೆ ತೀರಿಸುವುದೂ ಬೇಡ, ಇದ್ದುಕೊಂಡೇ ಇರಲಿ.

ಮನೆಗೆ ಬಂದವಳೇ ಮಂಚದ ಕೆಳಗಿನ ಚೀಲ ಎಳೆದು ಬರಿದು ಮಾಡಿ, ಒಗೆದು ಹಾಕಿದ್ದೇನೆ. ನಿಮ್ಮ ಬೀರುವಿನ ಕೆಳಗಿನ ಅರೆಯಲ್ಲೀಗ ನನ್ನ ಬಟ್ಟೆ. ನಿಮ್ಮವನ್ನು ಮೇಲಕ್ಕೆ ತುರುಕಿದ್ದೇನೆ. ಬೇಗ ಬಂದು ಬೈಯಿರಿ.

ನಿಮ್ಮ ಹೊಟ್ಟೆ ತಣ್ಣಗಿರಲಿ.

ನಮ್ಮ ಮನೆಯಿಂದ,
ನಿಮ್ಮ ನಾದಿನಿ